ಚಹಾ ಕುಡಿದವನು ಕಳ್ಳನಲ್ಲ

ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಮದುವೆಯಾದ ಮೇಲೂ ಗಂಡನ ಮನೆಗೆ ಹೋಗದೆ ಯಡ್ರಾವದ ನಮ್ಮ ಮನೆಯಲ್ಲೇ ತಲೆ ನರೆಯುವವರೆಗೆ ಉಳಿದಳು. ಗಂಡ ಕೆಟ್ಟವನಲ್ಲ. ಅವನ ಮನೆಯವರ ಜೊತೆ ಜಗಳವೂ ಇರಲಿಲ್ಲ. ಅವಳ ಎಮ್ಮೆಯನ್ನು ಯಾರೂ ಕದಿಯಲಿಲ್ಲ, ಅಷ್ಟೇ.

ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ನಾನೂ ಬಹಳ ದಿನ ನಕ್ಕವನೇ.

ನಮ್ಮದು ಸಣ್ಣ ಬಳಗ. ಹಿಂದೆ ಯಾವಾಗಲೋ ದನಗಳ ಬೆನ್ನು ಹತ್ತಿ ಮೇವು ಸಿಕ್ಕಲ್ಲಿ ನಿಂತವರಂತೆ. ನಮ್ಮ ಯಡ್ರಾವದ ಕವಲು ಇಚಲಕರಂಜಿಯ ಸುತ್ತ ನಿಂತಿತು, ಇನ್ನೊಂದು ಗಡಹಿಂಗ್ಲಜದ ಕಡೆಗೆ ಹೋಯಿತು. ಹೆಣ್ಣು ಕೊಡುವುದು, ತರುವುದು ಈ ಎರಡು ಕವಲುಗಳ ನಡುವೆಯೇ. ನಮ್ಮಲ್ಲಿ ಹೆಣ್ಣುಮಗು ಹುಟ್ಟಿದರೆ ಒಂದು ಎಮ್ಮೆಗರುವಿನ ಕಿವಿಗೆ ಸಣ್ಣ ಕಚ್ಚು ಹಾಕಿ ಅದನ್ನು ಆ ಮಗುವಿಗೆ ಬಿಡುತ್ತಾರೆ. ಆ ಕರು, ಅದರ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಗರುಗಳು, ಅವುಗಳ ಹಾಲು, ಎಲ್ಲವೂ ಅವಳದೇ. ಗಂಡಸರ ಪಾಲಿಗೆ ಗೂಟ, ಹಗ್ಗ ಮತ್ತು ಸಗಣಿ. ನಮ್ಮ ಅಜ್ಜ ಯಾರೆದುರಾದರೂ “ನಮ್ಮ ಎಮ್ಮಿ” ಎಂದರೆ ಒಳಗಿಂದ ಅಜ್ಜಿ ಕೆಮ್ಮುತ್ತಿದ್ದಳು. ಅಜ್ಜ ಕೂಡಲೇ “ನಮ್ಮ ಗೂಟದ ಎಮ್ಮಿ” ಎಂದು ತಿದ್ದಿಕೊಳ್ಳುತ್ತಿದ್ದ.

ಹೆಣ್ಣಿನ ಮದುವೆಯಾದರೆ ಅವಳು ತಾನಾಗಿ ಗಂಡನ ಮನೆಗೆ ಹೋಗುವಂತಿಲ್ಲ, ತವರಿನವರು ಕಳಿಸುವಂತೆಯೂ ಇಲ್ಲ. ಗಂಡಿನ ಕಡೆಯವರು ಬಂದು ಅವಳ ಎಮ್ಮೆಯನ್ನು ಕದ್ದೊಯ್ಯಬೇಕು. ಆ ಹೊತ್ತಿಗೆ ತವರಿನವರು ನಿದ್ದೆಯಲ್ಲಿರಬೇಕು. ನಿದ್ದೆ ಬರದಿದ್ದರೆ ಕಣ್ಣನ್ನಾದರೂ ಮುಚ್ಚಿಕೊಂಡಿರಬೇಕು. ಕಳ್ಳರು ಓಣಿಯ ತಿರುವು ದಾಟಿದ ಮೇಲೆ ಎಚ್ಚರಾಗಿ ಬಾಯಿಗೆ ಬಂದಂತೆ ಬೈಯಬೇಕು. ಬೈಗುಳ ಜೋರಾದಷ್ಟೂ ಹೆಣ್ಣಿಗೆ ಮರ್ಯಾದೆ ಹೆಚ್ಚು. ಎಮ್ಮೆ ಹೋದ ದಾರಿಯಲ್ಲಿ ಆಮೇಲೆ ಹೆಣ್ಣೂ ಹೋಗುತ್ತಾಳೆ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಇನ್ನೊಂದು ಮಾತಿದೆ. ಕದಿಯಲು ಬಂದವರು ಆ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕಿಕೊಳ್ಳಬಾರದು. ಒಂದು ಗುಟುಕು ಚಹಾ ಕುಡಿದರೂ ಅವರು ಕಳ್ಳರಲ್ಲ, ಬೀಗರು. ಬೀಗರಾದವರು ಎಮ್ಮೆ ಕದಿಯಲಾದೀತೇ? ಉಂಡು, ಎಲೆಅಡಿಕೆ ಹಾಕಿಕೊಂಡು, ಬಂದ ದಾರಿ ಹಿಡಿಯಬೇಕು.

ಅತ್ತೆಯ ಮದುವೆಯಾದ ಹೊಸದರಲ್ಲಿ ಗಡಹಿಂಗ್ಲಜದಿಂದ ಅವಳ ಗಂಡ, ನಮ್ಮ ಮಾವ, ತನ್ನ ಕಡೆಯವರನ್ನು ಕರೆದುಕೊಂಡು ಪದ್ಧತಿಯಂತೆ ರಾತ್ರಿಯೇ ಬಂದನಂತೆ. ಆದರೆ ಯಡ್ರಾವದಲ್ಲಿ ರಾತ್ರಿ ಎನ್ನುವುದು ಹೆಸರಿಗೆ ಮಾತ್ರ. ಮನೆಮನೆಯಲ್ಲಿ ಕರೆಂಟಿನ ಮಗ್ಗ ಓಡುತ್ತವೆ, ರಾತ್ರಿ ಪಾಳಿಯವರು ಓಣಿ ತುಂಬ ಓಡಾಡುತ್ತಾರೆ. ಎಮ್ಮೆಯ ಹಗ್ಗ ಬಿಚ್ಚುವ ಮೊದಲೇ ಯಾರೋ ಗುರುತು ಹಿಡಿದು “ಬರ್ರಿ ಬರ್ರಿ, ಯಾವಾಗ ಬಂದ್ರಿ?” ಎಂದರು. ಅಜ್ಜ ರೂಢಿಯಂತೆ ಚಹಾ ತರಿಸಿದ. ಕಳ್ಳರು ರೂಢಿಯಂತೆ ಕುಡಿದರು. ಖಾಲಿ ಬಸಿ ಕೆಳಗಿಟ್ಟ ಮೇಲೆಯೇ ಎಲ್ಲರಿಗೂ ನೆನಪಾದದ್ದು.

ಇನ್ನೊಮ್ಮೆ ಬುದ್ಧಿ ಕಲಿತು ಮಧ್ಯಾಹ್ನ ಬಂದರು. ರಾತ್ರಿಯೆಲ್ಲ ಮಗ್ಗ ನಡೆಸುವ ಊರಿಗೆ ಮಧ್ಯಾಹ್ನವೇ ನಿದ್ದೆಯ ಹೊತ್ತು. ಅಂದಿನಿಂದ ನಮ್ಮ ಕವಲಿನಲ್ಲಿ ಕಳವಿಗೆ ಮಧ್ಯಾಹ್ನವೇ ಸರಿ ಎಂದು ಹಿರಿಯರು ಒಪ್ಪಿದರು. ಆ ಸಲ ಅಜ್ಜಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮಾವನದು ಮೊದಲಿನಿಂದಲೂ ಮೆತ್ತಗಿನ ಜೀವ. ಹಿರಿಯರನ್ನು ಕಂಡು ಹಾಗೇ ದಾಟಿ ಹೋಗುವುದು ಅವನಿಗೆ ಆಗಲಿಲ್ಲ. ಬಗ್ಗಿ ಕಾಲು ಮುಟ್ಟಿದ. ಅಜ್ಜಿ ಕಣ್ಣು ತೆರೆಯದೆ “ಚಂದಾಗಿರಪಾ, ಊಟಾ ಆಗೇತಿಲ್ಲೋ?” ಎಂದಳು. ಸುಳ್ಳು ಹೇಳಿ ಗೊತ್ತಿಲ್ಲದ ಮಾವ “ಇಲ್ರಿ” ಎಂದ. ಊಟಕ್ಕೆ ಹಾಕಿದರು. ನಿದ್ದೆಯಲ್ಲಿ ಕರೆದ ಊಟವೂ ಊಟವೇ ಎಂದು ಹಿರಿಯರು ತೀರ್ಪು ಕೊಟ್ಟರು.

ಹೀಗೆ ಒಮ್ಮೆ ಚಹಾ, ಒಮ್ಮೆ ಊಟ, ಒಮ್ಮೆ ಗಡಹಿಂಗ್ಲಜದಲ್ಲಿ ಕಬ್ಬಿನ ಕಡಿತ, ಒಮ್ಮೆ ಎಮ್ಮೆಗೇ ಜ್ವರ. ಮುಂದೆ ಮಾವ ಕದಿಯಲು ಬರುವುದನ್ನು ಬಿಟ್ಟು ಬೀಗನಾಗಿಯೇ ಬರತೊಡಗಿದ. ಹಬ್ಬಕ್ಕೊಮ್ಮೆ ಎಸ್.ಟಿ. ಬಸ್ಸಿನಿಂದ ಇಳಿದು, ಚೀಲದಲ್ಲಿ ಬೆಲ್ಲ ಹಿಡಿದು, ನಗುತ್ತ ಓಣಿಯಲ್ಲಿ ಬರುತ್ತಿದ್ದ. ಕಟ್ಟೆಯ ಈ ತುದಿಗೆ ಅವನು, ಆ ತುದಿಗೆ ಅತ್ತೆ, ಎದುರಿಗೆ ಎಮ್ಮೆ. ಇಬ್ಬರೂ ಎಮ್ಮೆಯ ಬಗ್ಗೆಯೇ ಮಾತಾಡುತ್ತಿದ್ದರು. “ಸೊರಗೇತಲ್ಲ?” ಎಂದು ಅವನು ಕೇಳಿದರೆ ಅದು ಎಮ್ಮೆಯ ಬಗ್ಗೆ ಕೇಳಿದ್ದಲ್ಲ ಎಂದು ನನಗೂ ತಿಳಿಯುತ್ತಿತ್ತು. ಅವನು ಇನ್ನೊಂದು ಮದುವೆಯಾಗಲಿಲ್ಲ. ಅತ್ತೆಯ ಮೂಲ ಎಮ್ಮೆ ಹೋಗಿ, ಅದರ ಮಗಳು ಬಂದು, ಮಗಳ ಮಗಳು ಬಂದರೂ ಗೂಟ ಮಾತ್ರ ಖಾಲಿಯಾಗಲಿಲ್ಲ.

“ಊರಾಗಿನ ಗಂಡಂದಿರೆಲ್ಲಾ ಕಳ್ಳರು. ನನಗೊಬ್ಬಾಕಿಗೆ ಸಜ್ಜನ ಸಿಕ್ಕಾನ. ನನ್ನ ಹಣೆಬರಹ ನೋಡು,” ಎನ್ನುತ್ತಿದ್ದಳು ಅತ್ತೆ.

ನನಗೆ ಸಿಟ್ಟು ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಮಗ್ಗ ನಡೆಸುವವನು ನಾನು. ದನದ ಮನೆ ಖಾಲಿಯಾದರೆ ಅಲ್ಲಿ ಇನ್ನೆರಡು ಮಗ್ಗ ಕೂರಿಸಬಹುದಿತ್ತು. ಒಮ್ಮೆ ಕೇಳಿಯೇಬಿಟ್ಟೆ: “ಅತ್ತೀ, ಗಡಹಿಂಗ್ಲಜಕ್ಕ ಒಂದ ಟಿಕೀಟ ತಗಸ್ತೀನಿ. ಬಸ್ ಹತ್ತಿ ಹೋಗಿಬಿಡ. ಯಾರ ಏನ ಮಾಡ್ತಾರ?”

ಅವಳು ಹಾಲು ಹಿಂಡುವ ಕೈ ನಿಲ್ಲಿಸಲಿಲ್ಲ. “ಬಸ್ಸಿನ್ಯಾಗ ಹೋದ್ರ ನಾ ಬ್ಯಾಸತ್ತ ಹೋದಾಂಗ ಆಕ್ಕೈತಿ. ಕದ್ದ ಒಯ್ದ್ರ, ಅವರಿಗೆ ಬೇಕಾಗಿ ಒಯ್ದಾಂಗ. ನಿನಗ ತಿಳಿಯೂದಿಲ್ಲ, ನಿನ್ನ ಯಾರೂ ಕದಿಯೂದಿಲ್ಲ.” ಅದೂ ನಿಜವೇ. ಹಗಲೂ ರಾತ್ರಿ ಖಟಖಟ ಎನ್ನುವ ಮನೆಗೆ ಹೆಣ್ಣು ಕೊಡಲು ಯಾರೂ ಮುಂದೆ ಬಂದಿರಲಿಲ್ಲ.

ಇದೆಲ್ಲದರಲ್ಲಿ ಹೆಚ್ಚು ಉರಿದವಳು ನಮ್ಮ ಅವ್ವ. ಅವಳು ಗಡಹಿಂಗ್ಲಜದ ಕವಲಿನಿಂದ ಬಂದವಳು. ಅವಳ ಎಮ್ಮೆಯನ್ನು ಮದುವೆಯಾದ ವಾರದೊಳಗೇ ನಮ್ಮವರು ಚೊಕ್ಕಟವಾಗಿ ಕದ್ದು ತಂದಿದ್ದರು. ಈ ಹೆಮ್ಮೆಯನ್ನು ಅವ್ವ ಜಗಳದಲ್ಲಿ ಕತ್ತಿಯಂತೆ ಹಿರಿಯುತ್ತಿದ್ದಳು. “ನಾ ಏನ ಕರೀದ ಬಂದಾಕಿ ಅಲ್ಲ. ಕದ್ದ ತಂದಾರ ನನ್ನ!” ಆದರೆ ಅವ್ವನ ಎಮ್ಮೆ ಬರೀ ಕೋಣಗರು ಹಾಕಿ ಮುದಿಯಾಗಿ ಸತ್ತಿತು. ಅಂದಿನಿಂದ ಮನೆಯ ಚಹಾಕ್ಕೆ ಅತ್ತೆಯ ಹಾಲೇ ಗತಿ. ಅತ್ತೆ ದಿನಾ ಬೆಳಿಗ್ಗೆ ಹಾಲಿನ ಗಿಂಡಿಯನ್ನು ಒಲೆಯ ಹತ್ತಿರ ಇಟ್ಟು, “ತಗೋ, ನನ್ನ ಎಮ್ಮಿದು,” ಎನ್ನುತ್ತಿದ್ದಳು. ಅವ್ವ ದಿನಾ “ನೀರ ಭಾಳ ಹಾಕೀರಿ ಅಕ್ಕಾರ,” ಎನ್ನುತ್ತಿದ್ದಳು. ಇಷ್ಟಾಗದೆ ನಮ್ಮ ಮನೆಯಲ್ಲಿ ಹೊತ್ತು ಏರುತ್ತಿರಲಿಲ್ಲ.

ಈಗಿನ ಎಮ್ಮೆಯದು ಇನ್ನೊಂದು ತಮಾಷೆ. ದೀಪಾವಳಿ ಪಾಡ್ಯದ ದಿನ ಕೊಲ್ಹಾಪುರದಲ್ಲಿ ಕೋಡಿಗೆ ಬಣ್ಣ ಹಚ್ಚಿದ ಎಮ್ಮೆಗಳು ಯಜಮಾನರ ಮೋಟರ್‌ಸೈಕಲ್ಲಿನ ಹಿಂದೆ ಓಡುತ್ತವೆ. ಗಾಡಿಯ ಸದ್ದೇ ಅವುಗಳಿಗೆ ಹಗ್ಗ. ಅತ್ತೆ ಅದನ್ನು ಒಮ್ಮೆ ನೋಡಿ ಬಂದವಳೇ “ನನ್ನ ಎಮ್ಮಿ ಏನ ಕಮ್ಮಿ?” ಎಂದು ಹಟ ಹಿಡಿದಳು. ಅಪ್ಪ ಇದ್ದಾಗ ಓಡಿಸುತ್ತಿದ್ದ ಹಳೆಯ ಮೊಪೆಡ್ ಮೂಲೆಗೆ ಬಿದ್ದಿತ್ತು. ಅತ್ತೆ ಸೀರೆ ಎತ್ತಿ ಸಿಕ್ಕಿಸಿ ಅದನ್ನು ಕಲಿತಳು. ಪಕ್ಕದೂರು ಕೊರೋಚಿಯ ಕಡೆಯ ಹೊಲದ ದಾರಿಯಲ್ಲಿ ಮುಂದೆ ಮೊಪೆಡ್ ಮೇಲೆ ಅವಳು, ಹಿಂದೆ ಕುಣಿಯುತ್ತ ಎಮ್ಮೆ. ಕೊನೆಗೆ ಆ ಎಮ್ಮೆ ಹಗ್ಗ ಜಗ್ಗಿದರೆ ಕದಲದು, ಹೊಡೆದರೆ ಕದಲದು, ಮೊಪೆಡ್ ಸದ್ದಾದರೆ ಮಾತ್ರ ಹೆಜ್ಜೆ ಎತ್ತುವಂತಾಯಿತು. ಆ ಮೊಪೆಡ್ ಅತ್ತೆಯ ಕಾಲಿಗೆ ಬಿಟ್ಟು ಬೇರೆ ಯಾರ ಕಾಲಿಗೂ ಚಾಲೂ ಆಗುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಾವನ ಫೋನು ಬಂತು.

“ತಮ್ಮಾ, ಮೊಣಕಾಲ ಎರಡೂ ಹೋಗ್ಯಾವು. ಇನ್ನ ಬಸ್ ಹತ್ತಾಕ ಆಗೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ,” ಎಂದ. “ಇದೊಂದ ಸಲ ಟೆಂಪೋ ಮಾಡಕೊಂಡ ಬರ್ತೀನಿ. ಕದಿಯಾಕ. ಹೇಳಿ ಬರಬಾರದು, ಗೊತ್ತೈತಿ ನನಗ. ಆದ್ರ ಹೇಳದಿದ್ರ ನೀವು ಚಹಾ ಇಡ್ತೀರಿ.”

ನನಗೆ ನಗು ಬಂತು. ಮಾವ ಇನ್ನು ಬರುವುದಿಲ್ಲ. ಅತ್ತೆ ತಾನಾಗಿ ಹೋಗುವುದಿಲ್ಲ. ಈ ಸಲ ತಪ್ಪಿದರೆ ಆ ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡದೆ ಸಾಯುತ್ತಾರೆ. ಚಹಾ ಆಗದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟೆ. ಅತ್ತೆಗೆ ಹೇಳಿದೆ. ಅವಳು ಹೋಗಿ ಎಮ್ಮೆಯ ಮೈ ತೊಳೆದಳು. ಅವ್ವನಿಗೂ ಹೇಳಿದೆ. “ಒಯ್ಯಲಿ, ಪೀಡಾ ಹೋಗತೈತಿ,” ಎಂದಳು ಅವ್ವ. ಆ ದಿನ ಬೆಳಿಗ್ಗೆ ಚಹಾಪುಡಿಯ ಡಬ್ಬಿಯನ್ನು ನಾನು ಮಗ್ಗದ ಮನೆಯಲ್ಲಿ ನೂಲಿನ ಚೀಲದ ಹಿಂದೆ ಬಚ್ಚಿಟ್ಟೆ.

ಮಾವ ತನ್ನ ಜನ್ಮಕ್ಕೆ ತಕ್ಕಂತೆ ಹುಡುಕಿ ಹುಡುಕಿ ವಾರದ ಲೈಟ್ ಬಂದ್ ದಿನವೇ ಬಂದ. ಕರೆಂಟಿಲ್ಲ, ಮಗ್ಗ ನಿಂತಿವೆ, ಮನೆಯೊಳಗೆ ಸೆಕೆ. ಮಧ್ಯಾಹ್ನ ಸತ್ತಂತೆ ಮಲಗುವ ಇಡೀ ಓಣಿ ಬೇವಿನ ಮರದ ಕೆಳಗೆ ಕಣ್ಣು ಬಿಟ್ಟು ಕೂತಿದೆ. ಓಣಿಯ ಬಾಯಲ್ಲಿ ಗಡಹಿಂಗ್ಲಜದ ಟೆಂಪೋ ಕಂಡದ್ದೇ ತಡ, ಎಲ್ಲರೂ ಕೂತಲ್ಲೇ ಕಣ್ಣು ಮುಚ್ಚಿಕೊಂಡರು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕಣ್ಣು ಮುಚ್ಚಿಯೇ ಆರಿಸತೊಡಗಿದಳು. ಒಬ್ಬನ ಮೊಬೈಲಿನಲ್ಲಿ ಕ್ರಿಕೆಟ್ ನಡೆದಿತ್ತು. ಅವನು ಕಣ್ಣು ಮುಚ್ಚಿದ, ಆಟ ನಡೆದೇ ಇತ್ತು.

ಟೆಂಪೋದ ಡ್ರೈವರ್ ಮರಾಠಿಯವನು, ಬಾಡಿಗೆಗೆ ಬಂದವನು. ಮನೆ ಯಾವುದೆಂದು ಕೇಳಿದ. ಮರದ ಕೆಳಗಿನವರೆಲ್ಲ ಕಣ್ಣು ತೆರೆಯದೆ ಒಟ್ಟಿಗೆ ನಮ್ಮ ಮನೆಯತ್ತ ಕೈ ತೋರಿಸಿದರು. ಅವನ ಮುಖ ಬಿಳಿಚಿತು. “ಹ್ಯಾ ಗಾವಾಲಾ ಕಾಯ್ ಝಾಲಂಯ್?” ಎಂದು ಗೊಣಗಿದ. ಈ ಊರಿಗೇನಾಗಿದೆ ಎಂದು ನಾನೂ ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ.

ಮಾವನ ಅಣ್ಣನ ಮಕ್ಕಳಿಬ್ಬರು ಅವನನ್ನು ಹಿಡಿದು ಇಳಿಸಿದರು. ಕಳ್ಳ ಕೋಲೂರಿಕೊಂಡು ನಮ್ಮ ಬಾಗಿಲಿಗೆ ಬಂದ, ಚಪ್ಪಲಿ ಕಳಚಿ ಒಪ್ಪವಾಗಿ ಜೋಡಿಸಿಟ್ಟ, “ಯಾರದಾರ್ರೀ ಮನ್ಯಾಗ?” ಎಂದು ಕೂಗಿದ. “ಕಾಕಾ, ಕೂಗಬ್ಯಾಡ್ರಿ, ಕದಿಯಾಕ ಬಂದೇವಿ!” ಎಂದು ಮಕ್ಕಳು ಬಾಯಿ ಮುಚ್ಚಿಸಿದರು.

ಅತ್ತೆ ದನದ ಮನೆಯ ಕಟ್ಟೆಯ ಮೇಲೆ ಮಲಗಿದ್ದಳು. ಹೊಸ ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ದಿಂಬಿನ ಬದಲು ತಲೆಯ ಕೆಳಗೆ ಕಟ್ಟಿಟ್ಟ ಬಟ್ಟೆಯ ಗಂಟು. ನಾನು ಕಂಬಕ್ಕೆ ಒರಗಿ ಅರ್ಧ ಕಣ್ಣು ಮುಚ್ಚಿದ್ದೆ. ಪಕ್ಕದ ಮನೆಯ ಕಟ್ಟೆಯಲ್ಲಿ ನಮ್ಮ ಬಳಗದ ಹಿರಿಯಜ್ಜ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಗಮನಿಸುತ್ತಿದ್ದ. ಪದ್ಧತಿಯ ವಿಷಯದಲ್ಲಿ ಅವನ ಮಾತೇ ಕೊನೆ.

ಮಕ್ಕಳು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಒಳಗಿಂದ ಕಪ್ಪು-ಬಸಿಗಳ ಸದ್ದು ಕೇಳಿತು.

ಅವ್ವ ಬಂದಳು. ಕೈಯಲ್ಲಿ ಚಹಾದ ತಟ್ಟೆ. ಅವಳ ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿದ್ದವು. ನಿದ್ದೆಯಲ್ಲಿ ಕರೆದ ಊಟವೂ ಊಟವೇ ಎಂಬ ತೀರ್ಪು ಅವಳಿಗೆ ಚೆನ್ನಾಗಿ ನೆನಪಿತ್ತು. ಹೊಸ್ತಿಲನ್ನು ಕಾಲಿನಿಂದ ಹುಡುಕಿ ದಾಟಿ, ಬಸಿಗಳಲ್ಲಿ ಚಹಾ ಚೆಲ್ಲುತ್ತ, ನೇರವಾಗಿ ಮಾವನ ಮುಂದೆ ಬಂದು ನಿಂತಳು. “ಅಣ್ಣಾರ, ಉರಿ ಬಿಸಲಾಗ ಬಂದೀರಿ. ಒಂದ ಗುಟುಕ ಕುಡೀರಿ,” ಎಂದಳು.

ರೂಢಿಯಂತೆ ಮಾಡಿಬಿಟ್ಟಳೇನೋ ಎಂದು ಮೊದಲು ಅಂದುಕೊಂಡೆ. ಆದರೆ ಪುಡಿಯ ಡಬ್ಬಿ ನೂಲಿನ ಚೀಲದ ಹಿಂದಿತ್ತು. ಪಕ್ಕದ ಮನೆಯಿಂದ ಪುಡಿ ಇಸಿದುಕೊಂಡು ಬಂದು ಮಾಡಿದ್ದಾಳೆ ಎಂದರೆ ಅದು ರೂಢಿಯಲ್ಲ. ಪೀಡೆ ಹೋಗಲಿ ಎಂದು ಜೀವಮಾನವಿಡೀ ಅಂದವಳು ಈಗ ಪೀಡೆಯನ್ನು ಉಳಿಸಿಕೊಳ್ಳಲು ಚಹಾ ತಂದು ನಿಂತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಅಯ್ಯೋ ಅನಿಸಿತು.

ಮಾವ ಜನ್ಮದಲ್ಲಿ ಯಾರಿಗೂ ಬೇಡ ಅಂದವನಲ್ಲ. ಗಡಹಿಂಗ್ಲಜದಿಂದ ಟೆಂಪೋದಲ್ಲಿ ಕುಲುಕುತ್ತ ಬಂದು ಗಂಟಲು ಒಣಗಿತ್ತು. ಅವನ ಕೈ ತಾನಾಗಿ ಬಸಿಯತ್ತ ಹೋಯಿತು. ಮರದ ಕೆಳಗಿನ ಮುಚ್ಚಿದ ಕಣ್ಣುಗಳೆಲ್ಲ ಒಂದು ಎಳೆಯಷ್ಟು ತೆರೆದವು.

“ಕುಡೀಬ್ಯಾಡ್ರೀ,” ಎಂದಳು ಅತ್ತೆ, ಮಲಗಿದಲ್ಲಿಂದ, ಕಣ್ಣು ತೆರೆಯದೆ. ಎಮ್ಮೆಯನ್ನು ಬಿಟ್ಟು ಬೇರೆ ವಿಷಯ ಅವಳು ಗಂಡನ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾವ ಕೈ ಹಿಂದೆ ತೆಗೆದುಕೊಂಡ. “ಒಲ್ಲೆ ತಂಗೀ,” ಎಂದ. ಆಮೇಲೆ ಗಟ್ಟಿಯಾಗಿ, ತನಗೇ ಕೇಳಿಸುವಂತೆ, “ನಾ ಕದಿಯಾಕ ಬಂದೇನಿ,” ಎಂದ. ಅವನ ಕಣ್ಣಲ್ಲಿ ನೀರು ಬಂತು.

ಮಕ್ಕಳೂ ಒಲ್ಲೆ ಎಂದರು. ತಟ್ಟೆ ಹಾಗೇ ಮುಂದೆ ಹೋಗಿ ಡ್ರೈವರನ ಎದುರು ನಿಂತಿತು. ಅವನು ಕಪ್ಪೆತ್ತಿ ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡ. ಕಳ್ಳರ ಗಾಡಿ ಹೊಡೆಯುವವನು ಕಳ್ಳನೋ ಅಲ್ಲವೋ? ಎಲ್ಲರೂ ಕಣ್ಣು ಮುಚ್ಚಿಕೊಂಡೇ ಹಿರಿಯಜ್ಜನತ್ತ ಮುಖ ತಿರುಗಿಸಿದರು.

ಅಜ್ಜ ಬಹಳ ಹೊತ್ತು ಯೋಚಿಸಿದ. “ಅಂವಾ ಬಾಡಗಿ ಮನಷ್ಯಾ. ಅಂವಗ ಎಮ್ಮೀನೂ ಬ್ಯಾಡ, ಹೆಂಡತೀನೂ ಬ್ಯಾಡ. ಇನ್ನೊಂದ ಕಪ್ಪ ಕುಡೀಲಿ,” ಎಂದ. ಡ್ರೈವರ್ ಇನ್ನೊಂದು ಕಪ್ಪನ್ನೂ ಕುಡಿದ.

ಹಗ್ಗ ಬಿಚ್ಚಿದರು. ಟೆಂಪೋಗೆ ಹಲಗೆ ಹಚ್ಚಿದರು. ಎಮ್ಮೆ ಮಾತ್ರ ನಿಂತಲ್ಲೇ ನಿಂತಿತು. ಜಗ್ಗಿದರು, ತಳ್ಳಿದರು, ಬಾಲ ತಿರುವಿದರು. “ಚಲಾ ಕೀ, ಉಶೀರ ಹೋತೋಯ್!” ಎಂದು ಡ್ರೈವರ್ ಹೊತ್ತಾಗುತ್ತಿದೆಯೆಂದು ಅವಸರ ಮಾಡಿದ. ನಾನು ನಿದ್ದೆಯಲ್ಲಿ ಕನವರಿಸುವವನಂತೆ “ಮೊಪೆಡ್, ಮೊಪೆಡ್,” ಎಂದೆ. ಮಕ್ಕಳು ಮೊಪೆಡ್ಡನ್ನು ಎತ್ತಿ ಟೆಂಪೋದಲ್ಲಿಟ್ಟು ಒಬ್ಬರಾದ ಮೇಲೊಬ್ಬರು ಒದ್ದರು. ಅದು ಕೆಮ್ಮಲೂ ಇಲ್ಲ.

ಆಗ ಅತ್ತೆ ಎದ್ದಳು. ಕಣ್ಣು ಮುಚ್ಚಿಯೇ ಇತ್ತು. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಹಲಗೆಯನ್ನು ಕಾಲಿನಿಂದ ತಡವಿ, ಟೆಂಪೋ ಹತ್ತಿದಳು. ಎಮ್ಮೆಯ ಜೊತೆಯಲ್ಲೇ ಹೆಣ್ಣೂ ಹೋಗುವುದು ಪದ್ಧತಿಯಲ್ಲಿ ಇರಲಿಲ್ಲ. ಯಾರೋ ಗುಸುಗುಸು ಅಂದರು. “ನಿದ್ದಿಗಣ್ಣಾಗ ನಡದಾಕಿಗೆ ಏನ ಅನ್ನೂದು? ಸುಮ್ನ ಕುಂದರ್ರಿ,” ಎಂದ ಹಿರಿಯಜ್ಜ.

ಅತ್ತೆ ಮೊಪೆಡ್ ಏರಿ ಕೂತು ಒಂದೇ ಸಲ ಒದ್ದಳು. ಅದು ಗುರ್ ಎಂದಿತು. ಎಮ್ಮೆ ಕಿವಿ ನಿಮಿರಿಸಿ, ಮದುಮಗಳಂತೆ ತಲೆ ತಗ್ಗಿಸಿ, ಸರಸರನೆ ಹಲಗೆ ಏರಿತು. ಮಾವನಿಗೆ ಮುಂದೆ ಕೂರಲು ಹೇಳಿದರೂ ಕೇಳದೆ ಹಿಂದೆಯೇ ಹತ್ತಿ, ಬುಟ್ಟಿ ಬೋರಲು ಹಾಕಿಕೊಂಡು ಅತ್ತೆಯ ಪಕ್ಕದಲ್ಲಿ ಕೂತ. ಅವರಿಬ್ಬರ ನಡುವೆ ಎಮ್ಮೆ ಇಲ್ಲದ್ದನ್ನು ನಾನು ಮೊದಲ ಸಲ ನೋಡಿದೆ. ಟೆಂಪೋ ಹೊರಟು ಓಣಿಯ ತಿರುವು ದಾಟಿತು.

ಇನ್ನು ಬೈಯಬೇಕಿತ್ತು. ನಾನು ಓಡಿ ತಿರುವಿಗೆ ಹೋಗಿ “ಕಳ್ಳರು, ಕಳ್ಳರು,” ಎಂದೆ. ಕಾಯಿಪಲ್ಲೆ ಮಾರುವವನ ಕೂಗಿಗೆ ಅದಕ್ಕಿಂತ ಜೀವವಿರುತ್ತದೆ. ನಮ್ಮ ಬಳಗದಲ್ಲಿ ಬೈಗುಳಕ್ಕೆ ಹೆಸರಾದವಳು ಅತ್ತೆ, ಅವಳೇ ಟೆಂಪೋದಲ್ಲಿದ್ದಳು. ರಸ್ತೆಯ ಉಬ್ಬಿನ ಹತ್ತಿರ ಟೆಂಪೋ ನಿಧಾನವಾಯಿತು. ಮೊಪೆಡ್ಡಿನ ಮೇಲಿಂದ ಅತ್ತೆ ಕಣ್ಣು ಮುಚ್ಚಿಕೊಂಡೇ ಕೂಗಿದಳು: “ಸರಿಯಾಗಿ ಬೈಯೋ! ಹಿಂಗ ಬೈದ್ರ ನನಗೇನ ಮರ್ಯಾದಿ ಉಳೀತೈತಿ?”

ನನ್ನ ಹಿಂದೆ ಏನೋ ಬಿದ್ದ ಸದ್ದಾಯಿತು. ಅವ್ವ ತಟ್ಟೆ ಬಿಸಾಡಿ, ಕಣ್ಣು ಬಿಟ್ಟು, ಬರಿಗಾಲಿನಲ್ಲಿ ನನ್ನನ್ನು ದಾಟಿ ರಸ್ತೆಯ ನಡುವೆ ಹೋಗಿ ನಿಂತಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ಮಗ್ಗ ನಿಂತ ಊರು. ಅವಳ ದನಿ ಕೊನೆಯ ಮನೆಯವರೆಗೂ ಕೇಳಿಸಿತು.

“ಏ ಕಳ್ಳರ್ಯಾ! ಇಷ್ಟ ವರ್ಷ ಒಯ್ಯದವರು, ಇನ್ನ ನಾಕ ದಿನ ತಡದಿದ್ರ ನಿಮ್ಮ ಗಂಟೇನ ಹೋಗತಿತ್ತೋ!”

ಟೆಂಪೋ ಕಬ್ಬಿನ ಹೊಲದ ಹಿಂದೆ ಮರೆಯಾಗುವವರೆಗೂ ಅವ್ವ ಅದನ್ನೇ ಕೂಗಿದಳು. ಓಣಿಯಲ್ಲಿ ಯಾರೂ ಕಣ್ಣು ತೆರೆದಿರಲಿಲ್ಲ. ನಾನು ಅವಳ ಕೈ ಹಿಡಿದು ಕರೆದುಕೊಂಡು ಬರುವಾಗ ಹಿರಿಯಜ್ಜ ಮುಚ್ಚಿದ ಕಣ್ಣನ್ನು ಧೋತರದ ತುದಿಯಿಂದ ಒರೆಸಿಕೊಳ್ಳುತ್ತಿದ್ದ.

“ಇಂಥಾ ಬೈಗಳ ನಮ್ಮ ಬಳಗದಾಗ ಇಲ್ಲೀ ತನಕಾ ಯಾವ ಹೆಣ್ಣಿಗೂ ಸಿಕ್ಕಿಲ್ಲ,” ಎಂದ.